ನಿರ್ಧಾರದ ಮೇಜನ್ನು ತಲುಪದ ಮುನ್ನೋಟ

ಯಾವ ಸಂಸ್ಥೆಯನ್ನೇ ತೆಗೆದುಕೊಳ್ಳಿ, ಅಲ್ಲಿ ಬರೆದಿಟ್ಟ ಒಂದು ಯೋಜನೆ ಇರುತ್ತದೆ. ಅದರ ಅಡಿಯಲ್ಲಿ ಯಾರೂ ಬರೆಯದೆ, ಆದರೆ ಎಲ್ಲರೂ ನಂಬಿಕೊಂಡು ಬಂದ ಇನ್ನೊಂದು ಯೋಜನೆಯೂ ಇರುತ್ತದೆ. ಬರೆದ ಯೋಜನೆಯಲ್ಲಿ ಮುಂದಿನ ಐದು ವರ್ಷಗಳ ಗುರಿ, ಆದಾಯದ ಅಂದಾಜು, ನೇಮಕಾತಿಯ ಲೆಕ್ಕ ಮುಂತಾದವು ಕಾಣಸಿಗುತ್ತವೆ. ಬರೆಯದ ಯೋಜನೆಯಲ್ಲಿ ಇರುವುದು ನಂಬಿಕೆಗಳು ಮಾತ್ರ: ಗ್ರಾಹಕರು ಇಂದು ಬಯಸುವುದನ್ನೇ ನಾಳೆಯೂ ಬಯಸುತ್ತಾರೆ, ಸಾಲ ಹೆಚ್ಚುಕಡಿಮೆ ಇದೇ ಬಡ್ಡಿಗೆ ಸಿಗುತ್ತದೆ, ಕಾನೂನು ತಲೆಕೆಳಗಾಗುವುದಿಲ್ಲ, ಎದುರಾಳಿಗಳಾಗಿ ಬರುವವರು ಈಗಾಗಲೇ ಪರಿಚಯವಿರುವವರೇ. ಮುನ್ನೋಟದ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇದನ್ನು ಸಂಸ್ಥೆಯ ‘ಅಧಿಕೃತ ಭವಿಷ್ಯ’ ಎಂದು ಕರೆಯುತ್ತಾರೆ. ಯಾವ ಸಭೆಯೂ ಇದಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಆದರೂ ಬಜೆಟ್ಟಿನ ಪ್ರತಿಯೊಂದು ಸಾಲೂ ಇದನ್ನೇ ನೆಚ್ಚಿಕೊಂಡಿರುತ್ತದೆ.

ಮುಂದೆ ಏನೇನಾಗಬಹುದು ಎಂದು ಯೋಚಿಸಿ ಇಂದಿನ ನಿರ್ಧಾರಗಳನ್ನು ತಿದ್ದಿಕೊಳ್ಳುವ, ಕಾರ್ಯತಂತ್ರದ ಮುನ್ನೋಟ ಎನ್ನುವ ಕೆಲಸ ಆರಂಭವಾಗುವುದೇ ಈ ಬರೆಯದ ಯೋಜನೆಯನ್ನು ಹೊರಗೆಳೆಯುವುದರಿಂದ. ಮುನ್ನೋಟವೆಂದರೆ ಕಣಿ ಹೇಳುವುದು ಎಂಬ ಭಾವನೆ ವ್ಯಾಪಕವಾಗಿದೆ. ಹಾಗೆ ನಂಬಿ ಬಂದವರು ‘ಹಾಗಾದರೆ 2040ರಲ್ಲಿ ಏನಾಗುತ್ತದೆ ಹೇಳಿ’ ಎಂದು ಕೇಳುತ್ತಾರೆ. ಉತ್ತರ ಸಿಗದಿದ್ದಾಗ ಇದೆಲ್ಲ ಹೊತ್ತು ಕಳೆಯುವ ಮಾತು ಎಂದುಕೊಂಡು ಎದ್ದುಹೋಗುತ್ತಾರೆ. ನನಗೆ ತೋರುವಂತೆ ಈ ಕೆಲಸದ ಕಷ್ಟ ಮುಂದಿನದನ್ನು ಕಾಣುವುದರಲ್ಲಿ ಅಷ್ಟಾಗಿ ಇಲ್ಲ. ಸಂಸ್ಥೆಗಳು ಎಡವಿದ ಪ್ರಸಿದ್ಧ ಪ್ರಸಂಗಗಳನ್ನು ಬಿಡಿಸಿ ನೋಡಿದರೆ, ಹಲವು ಕಡೆ ಕಾಣಬೇಕಾದದ್ದನ್ನು ಯಾರೋ ಒಬ್ಬರು ಕಂಡಿರುತ್ತಾರೆ, ವರದಿಯನ್ನೂ ಬರೆದಿರುತ್ತಾರೆ. ಕಂಡದ್ದು ಇಂದಿನ ನಿರ್ಧಾರವನ್ನು ಬದಲಿಸುವಷ್ಟು ದೂರ ನಡೆದು ಬಂದಿರುವುದಿಲ್ಲ, ಅಷ್ಟೇ. ಮುನ್ನೋಟದ ಬಗ್ಗೆ ಮಾತಾಡುವಾಗ ನಾವು ಅಳೆಯಬೇಕಾದದ್ದು ಆ ದೂರವನ್ನು.

ಮೊದಲಿಗೆ ಭವಿಷ್ಯವಾಣಿಯ ವಿಷಯವನ್ನು ಮುಗಿಸಿಬಿಡೋಣ. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 1980ರ ದಶಕದಿಂದ ಆರಂಭಿಸಿ ಸುಮಾರು ಎರಡು ದಶಕಗಳ ಕಾಲ 284 ಪರಿಣತರ ರಾಜಕೀಯ ಮತ್ತು ಆರ್ಥಿಕ ಮುನ್ಸೂಚನೆಗಳನ್ನು ಸಂಗ್ರಹಿಸಿ, ಅವು ನಿಜವಾದವೇ ಎಂದು ಪರಿಶೀಲಿಸುತ್ತಾ ಹೋದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಪರಿಣತರಿಗೆ ಹಿತವಾಗುವಂತಿರಲಿಲ್ಲ. ಒಟ್ಟಾರೆಯಾಗಿ ಅವರು ಸರಳ ಲೆಕ್ಕಾಚಾರಗಳಿಗಿಂತ ಮೇಲೇನೂ ಇರಲಿಲ್ಲ. ಒಂದೇ ದೊಡ್ಡ ಸಿದ್ಧಾಂತವನ್ನು ಹಿಡಿದು ಎಲ್ಲವನ್ನೂ ವಿವರಿಸುವವರು, ಮಾಧ್ಯಮಗಳಲ್ಲಿ ಹೆಚ್ಚು ಬೇಡಿಕೆ ಇದ್ದವರು, ಉಳಿದವರಿಗಿಂತಲೂ ಹಿಂದೆ ಬಿದ್ದಿದ್ದರು. ಮುಂದೆ 2011ರಿಂದ ಅದೇ ಟೆಟ್ಲಾಕ್ ಸಾಮಾನ್ಯ ಜನರನ್ನು ಸೇರಿಸಿಕೊಂಡು ನಡೆಸಿದ ಮುನ್ಸೂಚನೆಯ ಸ್ಪರ್ಧೆಗಳಲ್ಲಿ ಇನ್ನೊಂದು ಅಂಶ ಹೊರಬಂತು: ಪ್ರಶ್ನೆ ಖಚಿತವಾಗಿದ್ದರೆ, ಅವಧಿ ಸುಮಾರು ಒಂದು ವರ್ಷದೊಳಗಿದ್ದರೆ, ಹೊಸ ಮಾಹಿತಿ ಬಂದಂತೆ ಅಭಿಪ್ರಾಯ ತಿದ್ದಿಕೊಳ್ಳುವ ಅಭ್ಯಾಸವಿದ್ದರೆ, ಕೆಲವರು ಗಮನಾರ್ಹವಾಗಿ ಚೆನ್ನಾಗಿ ಊಹಿಸಬಲ್ಲರು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕೆಲಸದ ಹಂಚಿಕೆ ಸ್ಪಷ್ಟವಾಗುತ್ತದೆ. ಮುಂದಿನ ತ್ರೈಮಾಸಿಕದ ಬೇಡಿಕೆಗೆ ಅಂದಾಜು ಬೇಕು, ಅದನ್ನು ಶ್ರದ್ಧೆಯಿಂದ ಮಾಡಬೇಕು. ಹದಿನೈದು ವರ್ಷಗಳ ಆಚೆಗೆ ಒಂದೇ ಅಂಕಿಯನ್ನು ಗುರುತಿಸಿ ಅದಕ್ಕೆ ಹಣ ಹೂಡುವುದು ಶ್ರದ್ಧೆಯಲ್ಲ, ಜೂಜು.

ಒಂದು ಅಂಕಿಯ ಬದಲು ಹಲವು ಚಿತ್ರಗಳನ್ನು ಇಟ್ಟುಕೊಳ್ಳುವ ಅಭ್ಯಾಸ ಎರಡನೆಯ ಮಹಾಯುದ್ಧದ ನಂತರ ಎರಡು ಬೇರೆ ಬೇರೆ ನೆಲೆಗಳಲ್ಲಿ ಬೆಳೆಯಿತು. ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಹರ್ಮನ್ ಕಾನ್ ಎಂಬ ತಜ್ಞರು ಅಣುಯುದ್ಧ ಹೇಗೆಲ್ಲ ಹೊತ್ತಿಕೊಳ್ಳಬಹುದು ಎಂಬುದನ್ನು ಸನ್ನಿವೇಶಗಳಾಗಿ, ಅಂದರೆ ಹೀಗೂ ಆಗಬಹುದು ಎಂಬ ಕಥೆಗಳಾಗಿ, ಬರೆದು ಚರ್ಚಿಸುತ್ತಿದ್ದರು. ಫ್ರಾನ್ಸಿನಲ್ಲಿ ಗಾಸ್ತೋಂ ಬೆರ್ಜೆ ಎಂಬ ತತ್ತ್ವಶಾಸ್ತ್ರಜ್ಞ 1957ರಲ್ಲಿ ಒಂದು ಅಧ್ಯಯನ ಕೇಂದ್ರವನ್ನೇ ತೆರೆದು, ಭವಿಷ್ಯ ಎಂಬುದು ತಾನಾಗಿ ಬಂದೆರಗುವ ವಸ್ತುವಲ್ಲ, ನಮ್ಮ ಆಯ್ಕೆಗಳೂ ಅದರಲ್ಲಿ ಸೇರಿವೆ ಎಂದು ವಾದಿಸಿದರು. ಒಂದು ನೆಲೆಯಲ್ಲಿ ಭಯವಿತ್ತು, ಇನ್ನೊಂದರಲ್ಲಿ ಇಚ್ಛೆ. ಇಂದಿಗೂ ಈ ಕ್ಷೇತ್ರದ ಜನ ಕೂಡಿದಲ್ಲಿ ಈ ಎರಡು ಮನೋಧರ್ಮಗಳ ಎಳೆದಾಟ ಕಾಣುತ್ತದೆ.

ಆದರೆ ಸಂಸ್ಥೆಗಳ ಮಟ್ಟಿಗೆ ನಿಜವಾದ ಪಾಠವಿರುವುದು ಶೆಲ್ ತೈಲ ಕಂಪನಿಯ ಕಥೆಯಲ್ಲಿ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಸಾಮಾನ್ಯವಾಗಿ ತಪ್ಪು ಕಡೆ ಒತ್ತು ಕೊಟ್ಟು ಹೇಳುತ್ತಾರೆ. ‘ಶೆಲ್ 1973ರ ತೈಲ ಬಿಕ್ಕಟ್ಟನ್ನು ಮೊದಲೇ ಊಹಿಸಿತ್ತು’ ಎನ್ನುವುದು ಚಾಲ್ತಿಯಲ್ಲಿರುವ ರೂಪ. ಪಿಯೆರ್ ವ್ಯಾಕ್ ಎಂಬ ಫ್ರೆಂಚ್ ಅಧಿಕಾರಿ ಮತ್ತು ಅವರ ಸಹೋದ್ಯೋಗಿಗಳು ಲಂಡನ್ನಿನ ಯೋಜನಾ ವಿಭಾಗದಲ್ಲಿ ಮಾಡಿದ ಕೆಲಸವನ್ನು ವ್ಯಾಕ್ ತಾವೇ 1985ರಲ್ಲಿ ವಿವರವಾಗಿ ಬರೆದಿದ್ದಾರೆ. ಅದನ್ನು ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಅವರ ತಂಡ ಮೊದಲ ಸುತ್ತಿನಲ್ಲಿ ಸಿದ್ಧಪಡಿಸಿದ ಸನ್ನಿವೇಶಗಳು ತಾರ್ಕಿಕವಾಗಿ ಸರಿಯಾಗಿಯೇ ಇದ್ದವು. ಹೀಗೂ ಆಗಬಹುದು, ಹಾಗೂ ಆಗಬಹುದು ಎಂದು ಅನಿಶ್ಚಿತತೆಗಳನ್ನು ಜೋಡಿಸಿ ಹೇಳಿದ್ದವು. ವ್ಯವಸ್ಥಾಪಕರು ಓದಿದರು, ತಲೆಯಾಡಿಸಿದರು, ತಮ್ಮ ಕೆಲಸಕ್ಕೆ ಮರಳಿದರು. ಅವುಗಳಿಂದ ಯಾವ ನಿರ್ಧಾರವೂ ಕದಲಲಿಲ್ಲ.

ವ್ಯಾಕ್ ಕಂಡುಕೊಂಡದ್ದು ಏನೆಂದರೆ, ಬರಿಯ ಅನಿಶ್ಚಿತತೆಯನ್ನು ತೋರಿಸಿದರೆ ಕೇಳುವವರಿಗೆ ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಆದ್ದರಿಂದ ಅವರು ಈಗಾಗಲೇ ನಡೆದುಹೋಗಿ, ಪರಿಣಾಮ ಮಾತ್ರ ಇನ್ನೂ ತಲುಪದಿರುವ ಸಂಗತಿಗಳನ್ನು ಪ್ರತ್ಯೇಕಿಸತೊಡಗಿದರು. ಇದಕ್ಕೆ ಅವರು ಕೊಟ್ಟ ಉದಾಹರಣೆ ಗಂಗಾನದಿಯದು: ನದಿಯ ಮೇಲಿನ ಪಾತ್ರದಲ್ಲಿ ಮುಂಗಾರು ಭಾರಿಯಾಗಿ ಸುರಿದದ್ದನ್ನು ಕಂಡವನಿಗೆ ಎರಡು ದಿನಗಳಲ್ಲಿ ಹೃಷಿಕೇಶದಲ್ಲಿ, ಇನ್ನು ಕೆಲವು ದಿನಗಳಲ್ಲಿ ಅಲಹಾಬಾದಿನಲ್ಲಿ, ಆಮೇಲೆ ಬನಾರಸ್ಸಿನಲ್ಲಿ ಏನಾಗಲಿದೆ ಎಂಬುದು ಗೊತ್ತಿರುತ್ತದೆ. ಅದು ಭವಿಷ್ಯವಾಣಿಯಲ್ಲ, ಬಿದ್ದ ಮಳೆಯ ಮುಂದಿನ ನಡೆ. ತೈಲದ ವಿಷಯದಲ್ಲಿಯೂ 1972ರ ಹೊತ್ತಿಗೆ ಮಳೆ ಬಿದ್ದಾಗಿತ್ತು. ಅಮೆರಿಕದ ತೈಲ ಉತ್ಪಾದನೆ 1970ರಲ್ಲಿ ಆ ಕಾಲದ ತುದಿ ಮುಟ್ಟಿ ಇಳಿಯತೊಡಗಿತ್ತು; ಟೆಕ್ಸಾಸಿನ ಬಾವಿಗಳಲ್ಲಿ ತಡೆಹಿಡಿದಿಟ್ಟಿದ್ದ ಹೆಚ್ಚುವರಿ ಸಾಮರ್ಥ್ಯ ಮುಗಿದಿತ್ತು; ಆಮದು ಏರುತ್ತಲೇ ಇತ್ತು. ಇನ್ನೊಂದು ಕಡೆ, ಜನಸಂಖ್ಯೆ ಕಡಿಮೆ ಇರುವ ಕೆಲವು ತೈಲ ರಾಷ್ಟ್ರಗಳಿಗೆ ಬರುವ ಹಣವನ್ನು ಖರ್ಚು ಮಾಡುವ ದಾರಿಯೇ ಇರಲಿಲ್ಲವಾದ್ದರಿಂದ, ತೈಲವನ್ನು ಮೇಲೆತ್ತುವುದಕ್ಕಿಂತ ನೆಲದಲ್ಲೇ ಬಿಡುವುದು ಅವುಗಳಿಗೆ ಲಾಭಕರವಾಗಿತ್ತು. ಬೆಲೆ ಎಂದಿನಂತೆ ಇರುತ್ತದೆ ಎಂಬ ಅಧಿಕೃತ ಭವಿಷ್ಯ ನಿಜವಾಗಬೇಕಾದರೆ ಈ ಎಲ್ಲ ಸಂಗತಿಗಳೂ ಒಟ್ಟಿಗೆ ಹಿಂದೆ ಸರಿಯಬೇಕಿತ್ತು.

ಇಲ್ಲಿ ವ್ಯಾಕ್ ಅನುಸರಿಸಿದ ದಾರಿಯನ್ನು ಗಮನಿಸಬೇಕು. ಅವರು ವ್ಯವಸ್ಥಾಪಕರಿಗೆ ‘ಬೆಲೆ ಏರುತ್ತದೆ’ ಎಂದು ಹೇಳುವುದಕ್ಕಷ್ಟೇ ನಿಲ್ಲಲಿಲ್ಲ. ‘ಎಲ್ಲವೂ ಹೀಗೆಯೇ ಮುಂದುವರಿಯಬೇಕಾದರೆ ಏನೇನು ಆಗಬೇಕು’ ಎಂಬುದನ್ನು ಅವರ ಮುಂದಿಟ್ಟು, ಅದು ಪವಾಡವನ್ನು ನೆಚ್ಚಿಕೊಂಡ ಯೋಜನೆ ಎಂಬುದನ್ನು ಅವರೇ ಕಾಣುವಂತೆ ಮಾಡಿದರು. ಸಂಸ್ಕರಣಾಗಾರಗಳನ್ನು ನೋಡಿಕೊಳ್ಳುವವರಿಗೆ, ಹಡಗುಗಳನ್ನು ನೋಡಿಕೊಳ್ಳುವವರಿಗೆ, ಮಾರಾಟ ನೋಡಿಕೊಳ್ಳುವವರಿಗೆ ಬೇರೆ ಬೇರೆಯಾಗಿ, ಅವರವರು ಆ ವರ್ಷ ತೆಗೆದುಕೊಳ್ಳಬೇಕಾದ ನಿರ್ಧಾರಗಳ ಭಾಷೆಯಲ್ಲಿ ಮಾತಾಡಿದರು. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ಆರಂಭವಾಗಿ, ಅರಬ್ ರಾಷ್ಟ್ರಗಳು ಅಮೆರಿಕ ಮುಂತಾದ ಕೆಲವು ದೇಶಗಳಿಗೆ ಪೂರೈಕೆ ನಿಲ್ಲಿಸಿ, ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿಯ ಹೊತ್ತಿಗೆ 12 ಡಾಲರ್ ಹತ್ತಿರ ಹೋದಾಗ, ಬೇರೆ ಕಂಪನಿಗಳು ಇದೊಂದು ತಾತ್ಕಾಲಿಕ ಏರುಪೇರು ಎಂದುಕೊಂಡು ಹಳೆಯ ವೇಗದಲ್ಲಿಯೇ ಸಂಸ್ಕರಣಾಗಾರಗಳನ್ನು ಕಟ್ಟುತ್ತಾ ಹೋದವು. ಶೆಲ್‌ನ ಒಳಗೆ ಇದಕ್ಕೊಂದು ಅರ್ಥ ಮೊದಲೇ ಸಿದ್ಧವಾಗಿತ್ತು. ಶೆಲ್‌ನ ನಂತರದ ಯಶಸ್ಸಿನಲ್ಲಿ ಸನ್ನಿವೇಶಗಳ ಪಾಲೆಷ್ಟು ಎಂಬ ಬಗ್ಗೆ ವಾದವಿದೆ, ಇರಬೇಕಾದದ್ದೇ. ಆದರೆ ಬಿಕ್ಕಟ್ಟಿನ ದಿನಾಂಕ ಹೇಳಿದ್ದು ಅವರ ಸಾಧನೆಯಲ್ಲ. ಬಿಕ್ಕಟ್ಟು ಬಂದಾಗ ಅದನ್ನು ಬಿಕ್ಕಟ್ಟೆಂದು ಗುರುತಿಸಲು ಬೇಕಾದ ಮನಸ್ಸನ್ನು ಮುಂಚಿತವಾಗಿ ಹದಗೊಳಿಸಿದ್ದು ಸಾಧನೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯಾಗಿ ಕೊಡಾಕ್ ಹೆಸರು ತಪ್ಪದೆ ಬರುತ್ತದೆ. ಅದು ‘ಮುಂದಾಲೋಚನೆ ಇಲ್ಲದ’ ಕಂಪನಿ ಎಂಬುದು ಅನ್ಯಾಯದ ಮಾತು. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು ಕಟ್ಟಿದ್ದು ಕೊಡಾಕ್‌ನ ಒಳಗೇ. ಸುಮಾರು ಮೂರೂವರೆ ಕಿಲೋ ತೂಕದ ಆ ಯಂತ್ರ 0.01 ಮೆಗಾಪಿಕ್ಸೆಲ್‌ನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1981ರಲ್ಲಿ ಸೋನಿ ಕಂಪನಿ ಫಿಲ್ಮ್ ಬೇಡದ ಕ್ಯಾಮೆರಾದ ಮಾದರಿಯನ್ನು ತೋರಿಸಿದಾಗ ಕೊಡಾಕ್‌ನ ಮಾರುಕಟ್ಟೆ ಅಧ್ಯಯನ ವಿಭಾಗ ಕುಳಿತು ಲೆಕ್ಕ ಹಾಕಿತು. ಎಲೆಕ್ಟ್ರಾನಿಕ್ ಚಿತ್ರಗಳು ಫಿಲ್ಮಿನ ಜಾಗವನ್ನು ತೆಗೆದುಕೊಳ್ಳಬಲ್ಲವು, ಆದರೆ ಬೆಲೆ, ಗುಣಮಟ್ಟ, ಮುದ್ರಣದ ಸೌಲಭ್ಯ ಇವೆಲ್ಲ ಹೊಂದಿಕೊಳ್ಳಲು ಹತ್ತು ವರ್ಷದಷ್ಟು ಕಾಲ ಸಿಗುತ್ತದೆ ಎಂಬುದು ಆ ಅಧ್ಯಯನದ ಸಾರ. ಮುನ್ನೋಟ ಎಂಬ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಿರೀಕ್ಷಿಸುವುದು ಕಷ್ಟ. ಸಿಕ್ಕಿದ ಹತ್ತು ವರ್ಷಗಳನ್ನು ಕಂಪನಿ ಬಹುಮಟ್ಟಿಗೆ ಫಿಲ್ಮನ್ನು ಇನ್ನಷ್ಟು ಚೆನ್ನಾಗಿ ಮಾಡುವುದರಲ್ಲಿ, ಫಿಲ್ಮಿಗೆ ನೆರವಾಗುವಂತೆ ಡಿಜಿಟಲನ್ನು ಬಳಸುವುದರಲ್ಲಿ ಕಳೆಯಿತು. 2012ರ ಜನವರಿಯಲ್ಲಿ ಅದು ದಿವಾಳಿ ರಕ್ಷಣೆ ಕೋರಿ ಅರ್ಜಿ ಹಾಕಿತು.

ಫಿಲ್ಮಿನ ಲಾಭ ಅಷ್ಟು ದೊಡ್ಡದಿತ್ತು ಎಂಬುದನ್ನು ಮರೆಯಬಾರದು. ಈ ವರ್ಷದ ಲಾಭ ತರುವ ವಿಭಾಗದವರು ಮಂಡಳಿಯಲ್ಲಿ ಕುಳಿತಿರುವಾಗ, ಹತ್ತು ವರ್ಷದ ನಂತರ ಅದನ್ನು ತಿಂದುಹಾಕುವ ವಸ್ತುವಿಗೆ ಅದೇ ಹಣವನ್ನು ಕೊಡಿ ಎಂದು ಕೇಳುವ ದನಿ ಯಾರದು? ಅಂಥ ದನಿಗೆ ಒಂದು ಕುರ್ಚಿ ಇಲ್ಲದಿದ್ದರೆ ಅಧ್ಯಯನ ಎಷ್ಟೇ ಚೆನ್ನಾಗಿರಲಿ, ಕಪಾಟು ಸೇರುತ್ತದೆ. ಅದೇ ಕಾಲದಲ್ಲಿ ಅದೇ ಗಂಡಾಂತರವನ್ನು ಎದುರಿಸಿದ ಫ್ಯೂಜಿಫಿಲ್ಮ್ ಬೇರೆ ಪ್ರಶ್ನೆ ಕೇಳಿಕೊಂಡಿತು: ಫಿಲ್ಮ್ ಹೋದರೆ ನಮ್ಮ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು? ತೆಳುವಾದ ಪದರಗಳನ್ನು ಲೇಪಿಸುವ ವಿದ್ಯೆ ಎಲ್‌ಸಿಡಿ ಪರದೆಗಳಿಗೆ ಬೇಕಾದ ಹಾಳೆಗಳಾಯಿತು. ಕೊಲಾಜೆನ್ ಮತ್ತು ಬಣ್ಣ ಮಾಸುವುದನ್ನು ತಡೆಯುವ ರಸಾಯನಗಳ ತಿಳಿವಳಿಕೆ ಚರ್ಮದ ಆರೈಕೆಯ ಉತ್ಪನ್ನಗಳಿಗೆ, ಔಷಧಗಳಿಗೆ ದಾರಿಯಾಯಿತು. ಬಣ್ಣದ ಫಿಲ್ಮಿನ ಜಾಗತಿಕ ಬೇಡಿಕೆ 2000ದ ಆಸುಪಾಸಿನಲ್ಲಿ ಶಿಖರ ಮುಟ್ಟಿ ಕುಸಿದಾಗ ಎರಡೂ ಕಂಪನಿಗಳ ಮುಂದಿದ್ದ ಮಾಹಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಣ ಯಾವ ಕಡೆ ಹರಿಯಿತು ಎಂಬುದರಲ್ಲಿತ್ತು.

ಸರಕಾರಗಳ ಕಥೆ ಇನ್ನೂ ನೇರವಾಗಿದೆ. ಬ್ರಿಟನ್ನಿನಲ್ಲಿ 2016ರ ಅಕ್ಟೋಬರಿನಲ್ಲಿ ‘ಸಿಗ್ನಸ್’ ಎಂಬ ಹೆಸರಿನ ಅಣಕು ಕಾರ್ಯಾಚರಣೆ ಮೂರು ದಿನ ನಡೆಯಿತು. ತೀವ್ರ ಸ್ವರೂಪದ ಫ್ಲೂ ಸಾಂಕ್ರಾಮಿಕವೊಂದು ದೇಶವನ್ನು ಆವರಿಸಿದೆ ಎಂದು ಭಾವಿಸಿ ಸಚಿವರಿಂದ ಹಿಡಿದು ಸ್ಥಳೀಯ ಅಧಿಕಾರಿಗಳವರೆಗೆ ಒಂಬೈನೂರಕ್ಕೂ ಹೆಚ್ಚು ಜನ ತಮ್ಮ ತಮ್ಮ ಪಾತ್ರವನ್ನು ನಿರ್ವಹಿಸಿದರು. ಅಂಥ ಸಾಂಕ್ರಾಮಿಕದ ವಿಪರೀತ ಬೇಡಿಕೆಗಳನ್ನು ತಾಳಿಕೊಳ್ಳುವಷ್ಟು ದೇಶದ ಸಿದ್ಧತೆ ಇಲ್ಲ ಎಂದು ವರದಿ ಸ್ಪಷ್ಟವಾಗಿ ಹೇಳಿತು. ಆ ವರದಿ ಸಾರ್ವಜನಿಕರ ಕೈಗೆ ಅಧಿಕೃತವಾಗಿ ಬಂದದ್ದು 2020ರ ಅಕ್ಟೋಬರಿನಲ್ಲಿ, ಅಂದರೆ ಕೋವಿಡ್ ಬಂದು ಹಲವು ತಿಂಗಳಾದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ಇಲ್ಲಿ ಬಳಸುವಂತಿಲ್ಲ. ಬಾಗಿಲು ಸರಿಯಿಲ್ಲ ಎಂಬುದು ಕೊಳ್ಳೆಗೆ ಮೂರು ವರ್ಷ ಮೊದಲೇ ಬರೆದಿಟ್ಟ ಸಂಗತಿಯಾಗಿತ್ತು. ಇದರ ಜೊತೆಗೆ ಇನ್ನೊಂದು ದೋಷವೂ ಇತ್ತು. 2024ರ ಜುಲೈನಲ್ಲಿ ಬಂದ ಅಲ್ಲಿನ ಕೋವಿಡ್ ವಿಚಾರಣಾ ಆಯೋಗದ ಮೊದಲ ವರದಿ, ದೇಶವು ಬೇರೆಯೇ ಸಾಂಕ್ರಾಮಿಕಕ್ಕೆ ಸಿದ್ಧವಾಗಿತ್ತು ಎಂದಿತು. ಫ್ಲೂ ಬರುತ್ತದೆ ಎಂಬ ಒಂದೇ ಚಿತ್ರಕ್ಕೆ ಅಂಟಿಕೊಂಡದ್ದರಿಂದ, ಸೋಂಕು ಹರಡದಂತೆ ತಡೆಯುವುದು ಹೇಗೆ ಎನ್ನುವುದಕ್ಕಿಂತ ಹರಡಿದ ಮೇಲೆ ನಿಭಾಯಿಸುವುದು ಹೇಗೆ ಎಂಬುದರ ಕಡೆಗೇ ಯೋಚನೆ ವಾಲಿತ್ತು. ಭವಿಷ್ಯವನ್ನು ಒಂದೇ ಚಿತ್ರಕ್ಕೆ ಇಳಿಸಿದರೆ ಅದು ಮತ್ತೊಂದು ಅಧಿಕೃತ ಭವಿಷ್ಯವಾಗುತ್ತದೆಯೇ ಹೊರತು ಮುನ್ನೋಟವಾಗುವುದಿಲ್ಲ.

ದಕ್ಷಿಣ ಕೊರಿಯಾ ಅದೇ ಸಾಂಕ್ರಾಮಿಕದ ಆರಂಭದಲ್ಲಿ ಪರೀಕ್ಷೆಗಳನ್ನು ಬೇಗ ಹೊರತಂದದ್ದಕ್ಕೆ ಕಾರಣ 2015ರಲ್ಲಿ ಮೆರ್ಸ್ ಎಂಬ ಉಸಿರಾಟದ ಸೋಂಕಿನ ಹಾವಳಿ. ಆಗ 186 ಜನರಿಗೆ ಸೋಂಕು ತಗಲಿ 38 ಜನ ತೀರಿಕೊಂಡಿದ್ದರು. ಆ ಪೆಟ್ಟಿನ ನಂತರ, ತುರ್ತು ಸಂದರ್ಭದಲ್ಲಿ ರೋಗಪತ್ತೆ ಕಿಟ್‌ಗಳಿಗೆ ಬೇಗನೆ ಅನುಮತಿ ಕೊಡಲು ಆಗುವಂತೆ ಅವರು ಕಾನೂನನ್ನೇ ಬದಲಿಸಿಕೊಂಡರು. 2020ರ ಫೆಬ್ರವರಿಯ ಮೊದಲ ವಾರದಲ್ಲಿಯೇ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತು. ಇದನ್ನು ಮುನ್ನೋಟ ಎನ್ನಲಾಗದು, ಇದು ಅನುಭವ. ಒಂದು ಕಡೆ ವರದಿಯಿತ್ತು, ಇನ್ನೊಂದು ಕಡೆ ನೋವಿತ್ತು. ಕಾನೂನು ಬದಲಾದದ್ದು ನೋವಿದ್ದ ಕಡೆ. ಹೀಗಾಗಿ ಮುನ್ನೋಟದ ಕೆಲಸ ಮಾಡುವವರ ಮುಂದಿರುವ ಸವಾಲು ಮಾಹಿತಿ ಒದಗಿಸುವುದಕ್ಕಿಂತ ದೊಡ್ಡದು. ಪೆಟ್ಟು ತಿನ್ನದೆಯೇ ಪೆಟ್ಟಿನಷ್ಟು ಮನಸ್ಸಿಗೆ ನಾಟುವ ಅನುಭವವನ್ನು ಅವರು ಕಟ್ಟಿಕೊಡಬೇಕು. ಅದಕ್ಕಾಗಿಯೇ ಒಳ್ಳೆಯ ಸನ್ನಿವೇಶಗಳು ಕಥೆಯ ರೂಪದಲ್ಲಿರುತ್ತವೆ, ಹೆಸರುಗಳನ್ನು ಹೊತ್ತಿರುತ್ತವೆ.

ಹೆಸರುಗಳ ಶಕ್ತಿಯನ್ನು ತಿಳಿಯಲು ದಕ್ಷಿಣ ಆಫ್ರಿಕಾದ ಮಾಂಟ್ ಫ್ಲರ್ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವರ್ಣಭೇದ ನೀತಿ ಕೊನೆಗೊಳ್ಳುತ್ತಿದ್ದ 1991–92ರಲ್ಲಿ, ರಾಜಕೀಯವಾಗಿ ಪರಸ್ಪರ ಎದುರು ಬದುರಾಗಿದ್ದ 22 ಜನ ಸ್ಟೆಲೆನ್‌ಬಾಷ್ ಬಳಿಯ ಮಾಂಟ್ ಫ್ಲರ್ ಎಂಬ ಸಭಾಗೃಹದಲ್ಲಿ ಸೇರಿ ದೇಶದ ಮುಂದಿನ ಹತ್ತು ವರ್ಷಗಳಲ್ಲಿ ಏನೇನಾಗಬಹುದು ಎಂದು ಚರ್ಚಿಸಿದರು. ಚರ್ಚೆ ನಡೆಸಿಕೊಟ್ಟ ಆಡಂ ಕಹಾನೆ ಶೆಲ್‌ನ ಸನ್ನಿವೇಶ ವಿಭಾಗದಿಂದಲೇ ಬಂದವರು. ಕೊನೆಗೆ ನಾಲ್ಕು ಕಥೆಗಳು ಉಳಿದವು. ಮಾತುಕತೆಗೆ ಬೆನ್ನು ತಿರುಗಿಸಿ ಮರಳಲ್ಲಿ ತಲೆ ಹುದುಗಿಸಿಕೊಳ್ಳುವ ಸರಕಾರಕ್ಕೆ ಉಷ್ಟ್ರಪಕ್ಷಿಯ ಹೆಸರು. ಎಲ್ಲರನ್ನೂ ಮೆಚ್ಚಿಸಲು ಹೋಗಿ ಏನೂ ಮಾಡಲಾಗದೆ ಕುಂಟುವ ಮಧ್ಯಂತರ ಸರಕಾರಕ್ಕೆ ಕುಂಟ ಬಾತುಕೋಳಿ. ಜನಪ್ರಿಯ ಖರ್ಚುಗಳಿಂದ ಮೇಲೆ ಹಾರಿ ಕೆಲವೇ ವರ್ಷಗಳಲ್ಲಿ ನೆಲಕ್ಕಪ್ಪಳಿಸುವ ಸರಕಾರಕ್ಕೆ ಗ್ರೀಕ್ ಪುರಾಣದ ಇಕಾರಸ್. ನಿಧಾನವಾಗಿ, ಎಲ್ಲರೂ ಒಟ್ಟಿಗೆ ಮೇಲೇರುವ ಹಾದಿಗೆ ರಾಜಹಂಸಗಳ ಹಾರಾಟ. ಇವುಗಳಲ್ಲಿ ಇಕಾರಸ್ ಕಥೆ ಮುಖ್ಯವಾದದ್ದು, ಏಕೆಂದರೆ ಅದು ಅಧಿಕಾರಕ್ಕೆ ಬರಲಿದ್ದವರು ತಮ್ಮೊಳಗೇ ಕೇಳಿಕೊಳ್ಳಲು ಇಷ್ಟಪಡದ ಪ್ರಶ್ನೆಯನ್ನು ಕೇಳಿತ್ತು. ಆ ಕೋಣೆಯಲ್ಲಿ ಕುಳಿತಿದ್ದ ಟ್ರೆವರ್ ಮ್ಯಾನುಯೆಲ್ 1996ರಲ್ಲಿ ದೇಶದ ಹಣಕಾಸು ಸಚಿವರಾದರು, ಟಿಟೊ ಎಂಬೊವೆನಿ 1999ರಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಆದರು. ಇಬ್ಬರೂ ವಿತ್ತೀಯ ಶಿಸ್ತಿನ ದಾರಿ ಹಿಡಿದರು. ಅದಕ್ಕೆ ಕಾರಣಗಳು ಹಲವಿದ್ದವು. ಆ ದಾರಿ ಬಡವರ ಪಾಲಿಗೆ ಒಳ್ಳೆಯದಾಯಿತೇ ಎಂಬ ತಕರಾರು ಇಂದಿಗೂ ಮುಗಿದಿಲ್ಲ. ಆದರೆ ನಿರ್ಧಾರ ಮಾಡಲಿರುವವರೇ ಕುಳಿತು ಕಥೆ ಕಟ್ಟಿದರೆ ಅದು ಎಷ್ಟು ದೂರ ಜೊತೆಗೆ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸಲಹೆಗಾರರು ಬೇರೆ ಕೋಣೆಯಲ್ಲಿ ಬರೆದು, ಬಣ್ಣದ ಮುಖಪುಟ ಹಾಕಿ ತಂದುಕೊಟ್ಟಿದ್ದರೆ ಇದೇ ನಾಲ್ಕು ಹೆಸರುಗಳು ಮರುದಿನವೇ ಮರೆತುಹೋಗುತ್ತಿದ್ದವು.

ಇನ್ನು ಈ ಕೆಲಸವನ್ನು ದಿನನಿತ್ಯದಲ್ಲಿ ಮಾಡುವ ಬಗೆ. ಬಹುತೇಕ ಕಾರ್ಯಾಗಾರಗಳು ಒಂದೇ ಅಚ್ಚಿನಲ್ಲಿ ನಡೆಯುತ್ತವೆ: ಗೋಡೆಗೆ ಬಣ್ಣಬಣ್ಣದ ಚೀಟಿಗಳು, ಎರಡು ದೊಡ್ಡ ಅನಿಶ್ಚಿತತೆಗಳನ್ನು ಆರಿಸಿ ಎಳೆದ ಎರಡು ಗೆರೆಗಳು, ಅವುಗಳ ನಡುವೆ ಹುಟ್ಟುವ ನಾಲ್ಕು ಮನೆಗಳು, ಮನೆಗೊಂದು ಕಥೆ. ಈ ವಿಧಾನ ಕಲಿಯಲು ಸುಲಭ, ಒಂದು ದಿನದಲ್ಲಿ ಮುಗಿಯುತ್ತದೆ, ಆ ಕಾರಣಕ್ಕೇ ಜನಪ್ರಿಯವಾಗಿದೆ. ನನಗೆ ಇದರಲ್ಲಿ ಹೆಚ್ಚು ವಿಶ್ವಾಸವಿಲ್ಲ. ನಾಲ್ಕರಲ್ಲಿ ಒಂದು ಮನೆ ಸ್ವರ್ಗ, ಅದರ ಎದುರಿನದು ನರಕ, ಉಳಿದ ಎರಡು ಯಾರಿಗೂ ನೆನಪಿರದ ನಡುಮನೆಗಳು ಎಂಬಂತಾಗುತ್ತದೆ. ಸಂಸ್ಥೆ ತಾನು ಸ್ವರ್ಗದ ಮನೆಗೆ ಹೋಗುವುದಾಗಿ ಘೋಷಿಸಿ ಊಟಕ್ಕೆ ಏಳುತ್ತದೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ವಿಷಯ ಕಲಿಸಿದ ಜಿಮ್ ಡೇಟರ್ ಅವರ ಕ್ರಮ ಇದಕ್ಕಿಂತ ಕಟುವಾದದ್ದು. ಜನ ಭವಿಷ್ಯದ ಬಗ್ಗೆ ಹೇಳುವ ಕಥೆಗಳೆಲ್ಲ ಬೆಳವಣಿಗೆಯ ಮುಂದುವರಿಕೆ, ಕುಸಿತ, ಸಂಯಮ, ಸಂಪೂರ್ಣ ರೂಪಾಂತರ ಎಂಬ ನಾಲ್ಕು ಬಗೆಗಳಲ್ಲಿ ಸೇರುತ್ತವೆ ಎಂದು ಗುರುತಿಸಿದ ಅವರು, ನಾಲ್ಕನ್ನೂ ಸಮಾನ ಗೌರವದಿಂದ ಕಲ್ಪಿಸಿಕೊಳ್ಳುವಂತೆ ಒತ್ತಾಯಿಸುತ್ತಾರೆ. ಕುಸಿತದಲ್ಲಿಯೂ ಬದುಕುವವರು ಇರುತ್ತಾರೆ, ಗೆಲ್ಲುವವರೂ ಇರುತ್ತಾರೆ ಎಂದು ಯೋಚಿಸಬೇಕಾಗಿ ಬಂದಾಗ ಸಭೆಯ ಮುಖಚರ್ಯೆಯೇ ಬದಲಾಗುತ್ತದೆ.

ಆದರೂ ಸನ್ನಿವೇಶಗಳಿಂದ ಶುರುಮಾಡುವುದಕ್ಕಿಂತ ಊಹೆಗಳಿಂದ ಶುರುಮಾಡುವುದು ಸಣ್ಣ ಸಂಸ್ಥೆಗಳಿಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ರ‍್ಯಾಂಡ್ ಸಂಸ್ಥೆಯಲ್ಲಿ ಜೇಮ್ಸ್ ಡ್ಯೂಅರ್ ಮತ್ತು ಸಂಗಡಿಗರು ಅಮೆರಿಕದ ಭೂಸೇನೆಗಾಗಿ ರೂಪಿಸಿದ ಕ್ರಮವೊಂದಿದೆ. ಈಗಿರುವ ಯೋಜನೆಯನ್ನು ಎದುರಿಗಿಟ್ಟುಕೊಂಡು, ಅದು ಯಾವ ಯಾವ ಊಹೆಗಳ ಮೇಲೆ ನಿಂತಿದೆ ಎಂದು ಬರೆಯುತ್ತಾ ಹೋಗಬೇಕು. ಅವುಗಳಲ್ಲಿ ಯಾವುದು ಸುಳ್ಳಾದರೆ ಯೋಜನೆಯೇ ಕುಸಿಯುತ್ತದೆ, ಯಾವುದು ಯೋಜನೆಯ ಅವಧಿಯೊಳಗೆ ಸುಳ್ಳಾಗುವ ಸಾಧ್ಯತೆ ಇದೆ ಎಂದು ಕೇಳಬೇಕು. ಎರಡಕ್ಕೂ ಹೌದು ಎಂಬ ಉತ್ತರ ಬರುವ ಊಹೆಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರುತ್ತವೆ. ಅವುಗಳಲ್ಲಿ ಪ್ರತಿಯೊಂದಕ್ಕೂ, ಇದು ಅಲುಗಾಡುತ್ತಿದೆ ಎಂದು ತಿಳಿಸುವ ಸೂಚನೆ ಯಾವುದು, ಅಲುಗಾಡದಂತೆ ಈಗ ಏನು ಮಾಡಬಹುದು, ಅಲುಗಾಡಿದರೆ ಪೆಟ್ಟು ಕಡಿಮೆಯಾಗುವಂತೆ ಏನು ಮಾಡಿಟ್ಟುಕೊಳ್ಳಬಹುದು ಎಂದು ನಿಗದಿಪಡಿಸಬೇಕು. ಇದಕ್ಕೆ ದೊಡ್ಡ ಸಲಹಾ ಸಂಸ್ಥೆ ಬೇಕಿಲ್ಲ. ಬೇಕಾದದ್ದು, ‘ಈ ಊಹೆ ಯಾರದು’ ಎಂದು ಮುಖ್ಯಸ್ಥರ ಎದುರು ಕೇಳಬಲ್ಲ ಒಬ್ಬ ವ್ಯಕ್ತಿ, ಮತ್ತು ಆ ಪ್ರಶ್ನೆಗೆ ಸಿಟ್ಟಾಗದ ಮುಖ್ಯಸ್ಥ. ಎರಡನೆಯದು ಮೊದಲನೆಯದಕ್ಕಿಂತ ದುರ್ಲಭ.

ಎಷ್ಟು ವರ್ಷ ಮುಂದಕ್ಕೆ ನೋಡಬೇಕು ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. 2030, 2050 ಎಂಬ ದುಂಡು ಅಂಕಿಗಳ ಮೋಹವನ್ನು ಬಿಟ್ಟು, ಕೈಯಲ್ಲಿರುವ ನಿರ್ಧಾರದ ಆಯಸ್ಸು ಎಷ್ಟು ಎಂದು ನೋಡಿದರೆ ಸಾಕು. ವಿದ್ಯುತ್ ಸ್ಥಾವರ ನಲವತ್ತು ವರ್ಷ ನಿಲ್ಲುತ್ತದೆ, ಪಿಂಚಣಿ ನಿಧಿಯ ಹೊಣೆ ಅದಕ್ಕಿಂತಲೂ ದೀರ್ಘ. ಮುಂದಿನ ವರ್ಷ ಬದಲಿಸಿಬಿಡಬಹುದಾದ ತಂತ್ರಾಂಶಕ್ಕೆ ಇಷ್ಟೆಲ್ಲ ಸಾಹಸ ಬೇಕಿಲ್ಲ.

ಕಂಡದ್ದನ್ನು ನಿರ್ಧಾರಕ್ಕೆ ಕಟ್ಟಿಹಾಕುವ ವಿಷಯದಲ್ಲಿ ಥೇಮ್ಸ್ ನದೀಮುಖದ ಪ್ರವಾಹ ರಕ್ಷಣಾ ಯೋಜನೆ ನನಗೆ ಮಾದರಿಯಾಗಿ ಕಾಣುತ್ತದೆ. ಲಂಡನ್ನನ್ನು ಉಬ್ಬರದ ಪ್ರವಾಹದಿಂದ ಕಾಯುವ ತಡೆಗೋಡೆ 1982ರಿಂದ ಕೆಲಸ ಮಾಡುತ್ತಿದೆ. ಸಮುದ್ರ ಮಟ್ಟ ಈ ಶತಮಾನದಲ್ಲಿ ಎಷ್ಟು ಏರುತ್ತದೆ ಎಂಬುದಕ್ಕೆ ಖಚಿತ ಉತ್ತರವಿಲ್ಲ. ಕಡಿಮೆ ಏರುತ್ತದೆಂದು ಸುಮ್ಮನಿದ್ದರೆ ನಗರ ಮುಳುಗಬಹುದು, ಅತಿಯಾಗಿ ಏರುತ್ತದೆಂದು ಈಗಲೇ ಹೊಸ ಗೋಡೆ ಕಟ್ಟಿದರೆ ಅಪಾರ ಹಣ ವ್ಯರ್ಥವಾಗಬಹುದು. 2012ರಲ್ಲಿ ಪ್ರಕಟವಾದ, 2100ರವರೆಗಿನ ಆ ಯೋಜನೆ ಒಂದು ಅಂಕಿಯನ್ನು ಆರಿಸಿಕೊಳ್ಳಲಿಲ್ಲ. ಏರಿಕೆ 2.7 ಮೀಟರಿನಷ್ಟಾದರೂ ತಾಳಿಕೊಳ್ಳುವಂತೆ ಬೇರೆ ಬೇರೆ ದಾರಿಗಳನ್ನು ಗುರುತಿಸಿ, ಒಂದು ದಾರಿಯಿಂದ ಇನ್ನೊಂದಕ್ಕೆ ಯಾವಾಗ ಹೊರಳಬೇಕು ಎಂಬುದನ್ನು ಸಮುದ್ರ ಮಟ್ಟ, ನದಿಯ ಗರಿಷ್ಠ ಹರಿವು, ರಕ್ಷಣಾ ಕಟ್ಟೆಗಳ ಸ್ಥಿತಿ ಮುಂತಾದ ಸೂಚಕಗಳಿಗೆ ಬಿಟ್ಟಿತು. ಆ ಸೂಚಕಗಳನ್ನು ನಿಯತವಾಗಿ ಅಳೆಯುತ್ತಾರೆ. ಏರಿಕೆ ಬೇಗವಾದರೆ ನಿರ್ಧಾರವನ್ನು ಬೇಗ ತೆಗೆದುಕೊಳ್ಳುತ್ತಾರೆ, ನಿಧಾನವಾದರೆ ಮುಂದೂಡುತ್ತಾರೆ. ಹೊಸ ರಕ್ಷಣೆ ಬೇಕಾಗುವ ದಿನದಿಂದ, ಅದನ್ನು ಕಟ್ಟಲು ಬೇಕಾಗುವ ವರ್ಷಗಳನ್ನು ಕಳೆದರೆ ಸಿಗುವ ದಿನಾಂಕವೇ ನಿರ್ಧಾರದ ಕೊನೆಯ ಗಡುವು. ಮುಂದೆ ಬೇಕಾಗಬಹುದಾದ ಜಾಗವನ್ನು ಬೇರೆ ನಿರ್ಮಾಣಕ್ಕೆ ಕೊಡದೆ ಕಾದಿರಿಸುವುದೂ ಯೋಜನೆಯ ಭಾಗ. ಭವಿಷ್ಯ ಗೊತ್ತಿಲ್ಲ ಎಂಬ ಮಾತು ಇಲ್ಲಿ ಕೈಚೆಲ್ಲುವ ನೆಪವಾಗಿಲ್ಲ, ಕೆಲಸದ ವೇಳಾಪಟ್ಟಿಯಾಗಿದೆ.

ಇಂಥ ವೇಳಾಪಟ್ಟಿಯನ್ನು ಕಾಯಲು ಒಂದು ಮನೆ ಬೇಕು, ಮತ್ತು ಆ ಮನೆ ಅಧಿಕಾರಕ್ಕೆ ಹತ್ತಿರವಿರಬೇಕು. ಫಿನ್ಲೆಂಡ್ 1993ರಲ್ಲಿ, ತೀವ್ರ ಆರ್ಥಿಕ ಹಿಂಜರಿತದ ನಡುವೆ, ಸಂಸತ್ತಿನಲ್ಲಿಯೇ ಭವಿಷ್ಯದ ಸಮಿತಿಯನ್ನು ರಚಿಸಿತು. ಅಲ್ಲಿನ ಸರಕಾರ ಪ್ರತಿ ಅವಧಿಯಲ್ಲಿ ಒಮ್ಮೆ ಭವಿಷ್ಯದ ವರದಿಯನ್ನು ಸಂಸತ್ತಿಗೆ ಸಲ್ಲಿಸುತ್ತದೆ, ಸಮಿತಿ ಅದಕ್ಕೆ ಉತ್ತರ ಕೊಡುತ್ತದೆ. ಸಿಂಗಾಪುರ ತನ್ನ ರಕ್ಷಣಾ ಸಚಿವಾಲಯದಲ್ಲಿ ಆರಂಭಿಸಿದ ಸನ್ನಿವೇಶಗಳ ಅಭ್ಯಾಸವನ್ನು ಇಡೀ ಸರಕಾರಕ್ಕೆ ವಿಸ್ತರಿಸಿ, 2009ರಲ್ಲಿ ಅದಕ್ಕೊಂದು ಪ್ರತ್ಯೇಕ ಕೇಂದ್ರ ಮಾಡಿತು. ಅದು ಈಗ ಪ್ರಧಾನಿ ಕಚೇರಿಯ ಅಂಗ. ವೇಲ್ಸ್ 2015ರ ಕಾನೂನಿನ ಮೂಲಕ ಮುಂದಿನ ಪೀಳಿಗೆಗಳ ಪರವಾಗಿ ಪ್ರಶ್ನೆ ಕೇಳುವ ಆಯುಕ್ತರ ಹುದ್ದೆಯನ್ನೇ ಸೃಷ್ಟಿಸಿತು. ಕಂಪನಿಗಳಲ್ಲಿ ಈ ವಿಭಾಗ ಸಾಮಾನ್ಯವಾಗಿ ಸಂಶೋಧನೆ ಅಥವಾ ಪ್ರಚಾರದ ಮೂಲೆಯಲ್ಲಿ ಹುಟ್ಟುತ್ತದೆ, ಮುಖ್ಯಸ್ಥರು ಬದಲಾದಾಗ ಅಥವಾ ಖರ್ಚು ಕಡಿತದ ಮೊದಲ ಸುತ್ತಿನಲ್ಲಿ ಸಾಯುತ್ತದೆ. ಕಾರಣ ಸರಳ: ಬಾರದೆ ಹೋದ ಅನಾಹುತವನ್ನು ಯಾರೂ ಲಾಭನಷ್ಟದ ಪಟ್ಟಿಯಲ್ಲಿ ಬರೆಯುವುದಿಲ್ಲ.

ಹಾಗಾದರೆ ಈ ಕೆಲಸ ಫಲ ಕೊಡುತ್ತಿದೆಯೇ ಎಂದು ಅಳೆಯುವುದು ಹೇಗೆ? ಸನ್ನಿವೇಶಗಳಲ್ಲಿ ಎಷ್ಟು ನಿಜವಾದವು ಎಂದು ಎಣಿಸುವುದು ವ್ಯರ್ಥ; ಒಂದೊಂದು ವಿಷಯಕ್ಕೂ ನಾಲ್ಕೈದು ಕಥೆ ಬರೆದವರಿಗೆ ಒಂದಾದರೂ ಹತ್ತಿರ ಬಂದೇ ಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ಒಣ ಕಚೇರಿ ಪ್ರಶ್ನೆಗಳು. ಕಳೆದ ವರ್ಷದ ಮುನ್ನೋಟದ ಕೆಲಸದಿಂದ ಯಾವ ಹೂಡಿಕೆ ನಿಂತಿತು, ಯಾವುದು ಮುಂದಕ್ಕೆ ಹೋಯಿತು, ಯಾವುದಕ್ಕೆ ಸಣ್ಣ ಮೊತ್ತವೊಂದು ಹೊಸದಾಗಿ ಸಿಕ್ಕಿತು? ಗುರುತಿಸಿದ ಸೂಚನೆಗಳನ್ನು ಗಮನಿಸುವ ಹೊಣೆ ಯಾರ ಹೆಸರಿನಲ್ಲಿದೆ, ಅವರು ಕೊನೆಯ ಬಾರಿ ವರದಿ ಕೊಟ್ಟದ್ದು ಯಾವಾಗ? ಆ ಸೂಚನೆ ಮಿತಿ ದಾಟಿದರೆ ಯಾವ ಸಭೆ, ಎಷ್ಟು ದಿನಗಳೊಳಗೆ, ಯಾವ ನಿರ್ಧಾರವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು ಎಂದು ಮೊದಲೇ ಬರೆದಿದೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ನಾನು ಸನ್ನಿವೇಶಗಳ ಗುಣಮಟ್ಟವನ್ನು ಓದಲು ಹೋಗುವುದಿಲ್ಲ. ಉತ್ತರವಿರುವ ಕಡೆ, ಸನ್ನಿವೇಶಗಳು ಸ್ವಲ್ಪ ಒರಟಾಗಿದ್ದರೂ, ಮುಂದಿನ ಸುತ್ತಿನಲ್ಲಿ ಅವು ಸುಧಾರಿಸುತ್ತವೆ. ಏಕೆಂದರೆ ಅಲ್ಲಿ ಅವುಗಳನ್ನು ಬಳಸುವವರು ಇದ್ದಾರೆ, ಎಲ್ಲಿ ಕೊರತೆಯಿದೆ ಎಂದು ದೂರು ಹೇಳುವವರೂ ಅವರೇ.